ತೊಟ್ಟಿಲು ಕಾಣದ ಕೂಸಿನ ಲೆಕ್ಕ

ಮರಳಿ ಊರಿನ ಗದ್ದೆಗಳಲ್ಲಿ ನಾಟಿ ಹಚ್ಚುತ್ತಲೇ ಮುದುಕಿಯಾದ ಉಡಚಮ್ಮನದು ಬಾಯಿ ಬೊಂಬಾಯಿ. ಊರ ಹಿರಿಯರೂ ಅವಳೆದುರು ಮಾತಾಡಲು ಹಿಂದೆಮುಂದೆ ನೋಡುತ್ತಾರೆ. ಅಂಥವಳು ಒಂದೇ ಪ್ರಶ್ನೆಗೆ ಬೆಪ್ಪಾಗಿ ಕೂತಳೆಂದರೆ ನಂಬುತ್ತೀರಾ?

ಕೇಳಿದವರು ಶಾಲೆಯ ಹೇಮಾವತಿ ಟೀಚರ್. ಜನಗಣತಿಯಲ್ಲಿ ಯಾವ ಪ್ರಶ್ನೆ ಇಡಬೇಕು, ಯಾವುದನ್ನು ಬಿಡಬೇಕು ಎಂದು ಮೊದಲೇ ಕೇಳಿ ನೋಡಲು ಆರಿಸಿದ ಊರುಗಳಲ್ಲಿ ಮರಳಿಯೂ ಒಂದು.

"ಎಷ್ಟು ಮಕ್ಕಳನ್ನ ಹಡದೀರಿ ಯವ್ವಾ?"

"ಎರಡು. ಇಬ್ಬರೂ ಗಟ್ಟಿಮುಟ್ಟ ಅದಾರ."

"ಹುಟ್ಟಿ ತೀರಿಕೊಂಡಿದ್ದು ಇಲ್ಲೇನ್ರಿ?"

"ಒಂದು ಹೆಣ್ಣಿತ್ತು. ತೊಟ್ಟಿಲಿಗೆ ಹಾಕೋ ಮೊದಲ ಹೋತು. ಅದೆಂಥಾ ಲೆಕ್ಕ, ಬಿಡ್ರಿ."

ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೇ ಕೂಸು ಮನೆಯ ಲೆಕ್ಕಕ್ಕೆ. ಅದಕ್ಕೂ ಮೊದಲು ಹೋದದ್ದರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

"ಹುಟ್ಟಿದಾಗ ಅತ್ತಿತ್ತೇನ್ರಿ?"

"ಅತ್ತಿತ್ತಾ? ಓಣಿಗೆಲ್ಲಾ ಕೇಳುವಂಗ ಚೀರಿತ್ತವ್ವಾ!"

"ಒಮ್ಮೆ ಅತ್ತರೂ ಹುಟ್ಟಿದಂಗ ಲೆಕ್ಕ. ನಿಮ್ಮವು ಮೂರು."

ಉಡಚಮ್ಮ ದಂಗಾದಳು. ಅತ್ತೆ ಕೇಳಿರಲಿಲ್ಲ, ಕಟ್ಟಿಕೊಂಡ ಗಂಡನೂ ಕೇಳಿರಲಿಲ್ಲ. ಎಲ್ಲಿಯ ದಿಲ್ಲಿ, ಎಲ್ಲಿಯ ಮರಳಿ! ಇಷ್ಟು ದೊಡ್ಡ ದೇಶ ತನ್ನ ಕೂಸು ಅತ್ತಿತ್ತೇ ಎಂದು ಕೇಳಲು ಅಂಗಳಕ್ಕೆ ಬಂದಿತ್ತು.

"ಬರ್ಕೊಳ್ರಿ ಅಕ್ಕೋರೆ, ಮೂರು!"

ಟೀಚರ್ ಮುಖ ಸಪ್ಪಗಾಯಿತು. "ಖರೇ ಎಣಿಕಿ ಇನ್ನೂ ಮುಂದೈತಿ ಯವ್ವಾ. ಹೆಣ್ಮಕ್ಕಳಿಗೆ ನೋವಾಗತೈತಿ, ಈ ಪ್ರಶ್ನೆ ತೆಗೀರಿ ಅಂತ ಭಾಳ ಮಂದಿ ಅಂದಾರ. ತೆಗದ್ರ ನಿಮ್ಮ ಕೂಸನ್ನ ಯಾರೂ ಕೇಳಂಗಿಲ್ಲ. ಇವತ್ತ ನನ್ನ ವರದಿ ಹೋಗಬೇಕು."

ಉಡಚಮ್ಮನ ಸಿಟ್ಟು ನೆತ್ತಿಗೇರಿತು. "ನೋವು ನಮ್ದು. ತೆಗೀರಿ ಅನ್ನಾಕ ಅವರ್ಯಾರು? ನಡ್ರಿ ನನ್ನ ಸಂಗಾಟ!"

ಟೀಚರನ್ನು ದರದರ ಎಳೆದೊಯ್ದು ಗದ್ದೆಯ ಬದುವಿನ ಮೇಲೆ ನಿಲ್ಲಿಸಿದಳು. ಕೆಸರಿನಲ್ಲಿ ಬಗ್ಗಿದ್ದ ಹೆಂಗಸರಿಗೆ ಕೂಗಿದಳು: "ತೊಟ್ಟಿಲು ಕಾಣದ ಕೂಸನ್ನೂ ಸರಕಾರ ಎಣಿಸತೈತಂತ! ಅದನ್ನ ಕೇಳಬೇಕೋ ಬ್ಯಾಡೋ, ಹೇಳ್ರವ್ವಾ!"

ಹೆಂಗಸರು ಬಗ್ಗಿದಲ್ಲೇ ಸಸಿ ಊರುತ್ತ ಹೋದರು. ಆಗ, ಹರೆಯದಿಂದಲೂ ಅವಳ ಪಕ್ಕದಲ್ಲೇ ನಾಟಿ ಹಚ್ಚಿದ ಹುಲಿಗವ್ವ ಸೊಂಟ ನೆಟ್ಟಗೆ ಮಾಡಿದಳು.

"ನಂದೂ ಒಂದ್ ಐತ್ರಿ ಅಕ್ಕೋರೆ," ಎಂದಳು. "ಗಂಡು. ಕೇಳಾಕ ಹೇಳ್ರಿ."

ಆಮೇಲೆ ಪಕೀರಮ್ಮ ಎದ್ದಳು. ಅವಳಾಚೆಯವಳೂ ಎದ್ದಳು. ನೋಡನೋಡುತ್ತ ಅರ್ಧ ಸಾಲು ಎದ್ದು ನಿಂತಿತು. ಹೇಮಾವತಿ ಟೀಚರ್ ಅಲ್ಲೇ ಬರೆದರು: ಈ ಪ್ರಶ್ನೆ ಇರಲಿ.

ಉಡಚಮ್ಮ ಬದುವಿನ ಮೇಲೆ ಕೂತಳು. ಇಷ್ಟು ವರ್ಷ ಇವರ ಜೊತೆಗೇ ಬುತ್ತಿ ಬಿಚ್ಚಿ ಉಂಡಿದ್ದಳು. ಅವಳೂ ಯಾರನ್ನೂ ಕೇಳಿರಲಿಲ್ಲ.