ಘಾಟು ಬರದ ಮೆಣಸಿನಕಾಯಿ

ಮದುವೆಯ ಸಂಜೆ ಅತ್ತೆ ನನ್ನನ್ನೂ ನನ್ನ ಗಂಡನನ್ನೂ ಕೂರಿಸಿ, ದೃಷ್ಟಿ ತೆಗೆಯಲು ಉಪ್ಪು ಮತ್ತು ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಐವತ್ತರ ಹತ್ತಿರ ಮದುಮಗಳಾದ ನಾನು ಆ ಚಟಪಟ ಸದ್ದಿಗೆ ಸೀದಾ ಚನ್ನಗಿರಿಯ ಅಜ್ಜಿಯ ಅಡುಗೆಮನೆಗೆ ಹೋಗಿಬಿಟ್ಟೆ!

ಆಗ ದಾವಣಗೆರೆಯ ಇಂಗ್ಲಿಷ್ ಶಾಲೆ ಸೇರಿದ ಹೊಸತು. ಬೆಳಿಗ್ಗೆಯಾದರೆ ಹೊಟ್ಟೆಯೊಳಗೆ ಯಾರೋ ಕಿವುಚಿದಂತೆ. ಅದಕ್ಕೊಂದು ಹೆಸರಿರಲಿಲ್ಲ. ಮಿಸ್ "ನರ್ವಸ್ ಗರ್ಲ್" ಎಂದರು ನೋಡಿ, ಮರುದಿನದಿಂದ ಕೈಯೂ ನಡುಗತೊಡಗಿತು.

ರಜೆಗೆ ಬಂದಾಗ ಅಜ್ಜಿಗೆ ಹೇಳಿದೆ. "ನರ್ವಸ್ಸೂ ಇಲ್ಲ, ಗಿರ್ವಸ್ಸೂ ಇಲ್ಲ. ಟೈ ಕಟ್ಕಂಡು ಓಣಿ ತುಂಬಾ ಮೆರೆದ್ರೆ ದೃಷ್ಟಿ ಆಗದೆ ಇನ್ನೇನಾಗ್ತೈತೆ?" ಎಂದು ಮೆಣಸಿನಕಾಯಿ ಸುಟ್ಟಳು. ಕರಕಲಾದರೂ ಘಾಟೇ ಬರಲಿಲ್ಲ.

"ನೋಡಿದ್ಯಾ, ಎಷ್ಟು ದೃಷ್ಟಿ ಇತ್ತು!"

ಹೊಟ್ಟೆ ಅಲ್ಲೇ ಹಗುರವಾಯಿತು. ಶಾಲೆಗೆ ಮರಳಿದೆ, ಮಿಸ್ ಮತ್ತೆ ಹಾಗೇ ಕರೆದರು, ಕೈ ಮತ್ತೆ ನಡುಗಿತು. ನಾನು ದೃಷ್ಟಿಯಾದ ಹುಡುಗಿಯೋ, ನರ್ವಸ್ ಹುಡುಗಿಯೋ? ಕರೆದವರು ಕರೆದಂತೆ ಆಗಿಬಿಡುತ್ತಿದ್ದೆ. ಯಾರೂ ಏನೂ ಅನ್ನದಿದ್ದರೆ ನಾನು ಹೇಗಿರುತ್ತೇನೆ ಎಂಬುದೇ ತಿಳಿಯದೆ ಹೆದರಿಕೆಯಾಗುತ್ತಿತ್ತು.

ಇವತ್ತೂ ಹೊಟ್ಟೆಯಲ್ಲಿ ಅದೇ ಕಿವುಚಾಟ. "ಟೆನ್ಷನ್ನಾ?" ಎಂದು ಇವರು ಪಿಸುಗುಟ್ಟಿದರು. ನಾನು ಉಸಿರು ಬಿಗಿಹಿಡಿದು ಕಾದೆ. ಅಯ್ಯೋ, ಘಾಟು ಬಂದೇ ಬಂತು! ಮೂವರೂ ಕೆಮ್ಮಿದೆವು.

"ದೃಷ್ಟಿ ಇಲ್ವಲ್ಲ ಅತ್ತೆ, ಮತ್ತೆ ಹೊಟ್ಟೆಯೊಳಗೆ ಇದೇನು?" ಎಂದೆ.

"ಅದು ಖುಷಿ ಕಣವ್ವ. ನಿಂಗೆ ಗೊತ್ತಾಗಾಕಿಲ್ವಾ?"

ಆಗಿನಿಂದ ನಗು ನಿಲ್ಲುತ್ತಿಲ್ಲ. ಈ ಖುಷಿ ಮೊದಲೇ ನನ್ನೊಳಗಿತ್ತೋ, ಅತ್ತೆ ಈಗ ಕೊಟ್ಟರೋ, ದೇವರಾಣೆ ಗೊತ್ತಿಲ್ಲ.