ಕೆರೆಗೆ ಹೋಗದ ಭಾನುವಾರಗಳು

ಅಂಚೆಯಲ್ಲಿ ಬಂದ ಲಕೋಟೆಯೊಳಗೆ ಒಂದು ಚಿತ್ರವಿತ್ತು. ಪೆನ್ಸಿಲಿನಲ್ಲಿ ಬರೆದದ್ದು. ಹಾಳೆಯ ತುಂಬ ಚಪ್ಪಲಿಗಳು, ಕೆಲವು ಅಡ್ಡಾದಿಡ್ಡಿ, ಕೆಲವು ಒಂದರ ಮೇಲೊಂದು. ಮೂಲೆಯಲ್ಲಿದ್ದ ಹವಾಯಿ ಚಪ್ಪಲಿಯ ಬಾರಿಗೆ ಪಿನ್ನು ಚುಚ್ಚಿದ್ದು ಕಂಡಾಗ ನನಗೆ ಗೊತ್ತಾಯಿತು. ಅದು ನಮ್ಮ ಅತ್ತೆಯದು. ಜಯಲಕ್ಷ್ಮಿಪುರಂನ ನಮ್ಮ ಮನೆಯ ಬಾಗಿಲು ಅದು. ಬರೆದವಳು ಏಳು ವರ್ಷದ ಹಿಂದೆ ಹತ್ತು ತಿಂಗಳು ನಮ್ಮ ಜೊತೆಗಿದ್ದ ಜಪಾನಿನ ಹುಡುಗಿ.

ಜೊತೆಗಿದ್ದ ಕಾಗದ ಅವಳ ತಾಯಿಯದು. ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿದ್ದರು. ಯಜಮಾನರು ಓದಿ ಹೇಳಿದರು. ಹುಡುಗಿ ಕಳೆದ ಚಳಿಗಾಲದಲ್ಲಿ ಕಾಯಿಲೆಯಿಂದ ತೀರಿಕೊಂಡಳಂತೆ... ಅವರು ಅಲ್ಲಿಗೇ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಆಮೇಲೆ ಉಳಿದದ್ದನ್ನು ಓದಿದರು. ಮೈಸೂರಿನಲ್ಲಿ ಪ್ರತಿ ಭಾನುವಾರ ಕೆರೆಯ ದಂಡೆಯಲ್ಲಿ ಒಂದು ಮರದ ಕೆಳಗೆ ಒಬ್ಬಳೇ ಕೂತು ಚಿತ್ರ ಬರೆಯುತ್ತೇನೆ ಎಂದು ಮಗಳು ಫೋನಿನಲ್ಲಿ ಹೇಳುತ್ತಿದ್ದಳಂತೆ. ಆದರೆ ಅವಳ ಪುಸ್ತಕದಲ್ಲಿ ಬರೀ ಚಪ್ಪಲಿಗಳಿವೆ, ಕೆರೆ ಇಲ್ಲ. ಕೆರೆಯ ಚಿತ್ರಗಳ ಪುಸ್ತಕವೇನಾದರೂ ನಿಮ್ಮಲ್ಲೇ ಉಳಿದಿದೆಯೇ? ಇಲ್ಲವಾದರೆ ಅವಳು ಕೂರುತ್ತಿದ್ದ ಮರದ ಒಂದು ಫೋಟೋ ಕಳಿಸಿದರೂ ಸಾಕು ಎಂದು ಕೇಳಿದ್ದರು.

ಅಂಥ ಪುಸ್ತಕ ನಮ್ಮಲ್ಲಿಲ್ಲ. ಅಂಥ ಮರವೂ ಇಲ್ಲ.

ಅವಳು ಕನ್ನಡ ಕಲಿಯಲು ವಿಶ್ವವಿದ್ಯಾನಿಲಯಕ್ಕೆ ಬಂದವಳು. ಮಹಡಿಯ ಕೋಣೆ ಖಾಲಿ ಇತ್ತು, ಕೊಟ್ಟೆವು. ಬಂದ ವಾರವೇ ಒಂದು ಚೀಟಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಓದಿದಳು: "ಭಾನುವಾರ ನಾನು ಒಬ್ಬಳೇ ಕೆರೆಗೆ ಹೋಗಬಹುದೇ?" ನಮ್ಮ ಹತ್ತಿರ ಅವಳು ಕೇಳಿದ್ದು ಅದೊಂದೇ. ಆ ಪುಸ್ತಕದ ಕನ್ನಡಕ್ಕೆ ನಾವೆಲ್ಲ ನಕ್ಕೆವು.

"ಅಯ್ಯೋ, ಧಾರಾಳವಾಗಿ ಹೋಗ್ಬಾ ಮಗು," ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಒಬ್ಳೇ ಹೆಂಗೆ ಕಳಿಸ್ತೀಯೇ? ಅಪ್ಪ ಅಮ್ಮ ನಮ್ಮನ್ನ ನಂಬಿ ಬಿಟ್ಟವ್ರೆ. ಜೊತೆಗೆ ಯಾರಾದ್ರೂ ಹೋಗ್ಲಿ," ಎಂದರು.

ಮೊದಲ ಭಾನುವಾರ ಕುಕ್ಕರಹಳ್ಳಿ ಕೆರೆಗೆ ಯಜಮಾನರು ಜೊತೆಗೆ ಹೋದರು. ನಾನು ಡಬ್ಬಿಯಲ್ಲಿ ಉಪ್ಪಿಟ್ಟು, ಫ್ಲಾಸ್ಕಿನಲ್ಲಿ ಕಾಫಿ ಕೊಟ್ಟೆ. ಅವರು ದಾರಿಯುದ್ದಕ್ಕೂ ಮೈಸೂರಿನ ಇತಿಹಾಸ ಹೇಳಿದರಂತೆ. ಅವಳು ಚೀಲದಿಂದ ಚಿತ್ರದ ಪುಸ್ತಕ ತೆಗೆಯಲೇ ಇಲ್ಲ. ಮುಂದಿನ ವಾರ ಬೆಟ್ಟ, ಅದರ ಮುಂದಿನ ವಾರ ನಂಜನಗೂಡು. ಆಮೇಲೆ ವಿದ್ಯಾರಣ್ಯಪುರಂನ ನಾದಿನಿಯ ಮನೆ, ಅವರ ಓರಗಿತ್ತಿಯ ಮನೆ, ನಾಮಕರಣ, ಗೃಹಪ್ರವೇಶ. ಎಲ್ಲೂ ಹೋಗದ ಭಾನುವಾರ ನೆಂಟರೇ ಅವಳನ್ನು ನೋಡಲು ಬರುತ್ತಿದ್ದರು. ಅವಳು ಮಹಡಿಯಲ್ಲಿ ಸುಮ್ಮನೆ ಕೂತಿದ್ದರೆ ನಮಗೆ ಸಂಕಟವಾಗುತ್ತಿತ್ತು. ಪಾಪ, ಊರು ಬಿಟ್ಟು ಬಂದ ಮಗು, ಬೇಜಾರು ಮಾಡಿಕೊಂಡಿದೆ ಎಂದು ನಾನೇ ಎಷ್ಟೋ ಸಲ ಮೇಲೆ ಹೋಗಿ ಕರೆತಂದಿದ್ದೇನೆ. ಒಲ್ಲೆ ಎಂದು ಒಮ್ಮೆಯೂ ಹೇಳಲಿಲ್ಲ. ನಗುತ್ತಾ ಎದ್ದು ಬರುತ್ತಿದ್ದಳು.

ನೆಂಟರು ಬಂದಾಗ ಅವಳು ಬಾಗಿಲಿಗೆ ಹೋಗಿ ಅವರ ಚಪ್ಪಲಿಗಳನ್ನೆಲ್ಲ ರಸ್ತೆಯ ಕಡೆ ತಿರುಗಿಸಿ ಜೋಡಿಸುತ್ತಿದ್ದಳು. ಹೊರಡುವಾಗ ಮೆಟ್ಟಿಕೊಳ್ಳಲು ಸುಲಭ, ಅವರ ಊರಿನ ಪದ್ಧತಿ ಅದು.

"ನೋಡ್ರಪ್ಪಾ, ಬೇಗ ಜಾಗ ಖಾಲಿ ಮಾಡಿ ಅಂತಾವ್ಳೆ," ಎಂದು ಅತ್ತೆ ತಮಾಷೆ ಮಾಡುತ್ತಿದ್ದರು. ಮನೆ ತುಂಬ ನಗು. ಅವಳೂ ನಗುತ್ತಿದ್ದಳು. ಜೋಡಿಸುವ ಮೊದಲು ಹತ್ತು ನಿಮಿಷ ಹೊಸ್ತಿಲ ಮೇಲೆ ನಮಗೆ ಬೆನ್ನು ಹಾಕಿ ಕೂತಿರುತ್ತಿದ್ದಳು. ಏನು ಮಾಡುತ್ತಿದ್ದಾಳೆ ಎಂದು ನಾವು ಯಾರೂ ನೋಡಲಿಲ್ಲ. ಅಷ್ಟರಲ್ಲಿ ಯಾರಾದರೂ ಒಳಗಿನಿಂದ ಕರೆಯುತ್ತಿದ್ದರು...

ಕೊನೆಯ ಭಾನುವಾರ ಬೆಳಗ್ಗೆ ಗೇಟಿನ ಚಿಲಕದ ಸದ್ದಾಯಿತು. ಹೊರಗೆ ಬಂದೆ. ಅವಳು ಶೂ ಹಾಕಿ, ಚೀಲ ಹೆಗಲಿಗೇರಿಸಿ ನಿಂತಿದ್ದಳು. ಎಲ್ಲಿಗೆ ಎಂದು ನಾನು ಕೇಳಬೇಕಾಗಿರಲಿಲ್ಲ. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಅಂದು ಅವಳಿಗೆಂದೇ ಇಟ್ಟುಕೊಂಡ ಊಟ. ಒಬ್ಬಟ್ಟಿಗೆ ಹೂರಣ ರುಬ್ಬುವುದಿತ್ತು, ಬೋಗಾದಿಯಿಂದಲೂ ಜನ ಬರುವವರಿದ್ದರು.

"ಇವತ್ತು ಬೇಡ ಕಣಮ್ಮ," ಎಂದೆ. "ನಾಳೆ ಹೋಗುವಿಯಂತೆ."

ನಾಳೆ ಬೆಳಗ್ಗೆ ಅವಳು ಊರಿಗೇ ಹೊರಡುವವಳು. ಅದು ಬಾಯಿಂದ ಬಂದ ಮೇಲೆ ನನಗೆ ಹೊಳೆಯಿತು. ಆಗಲೂ ನಾನು "ಹೋಗಿ ಬಾ" ಎನ್ನಲಿಲ್ಲ. ಅವಳು ತಲೆ ಬಗ್ಗಿಸಿ, "ಆಗಲಿ ಅಮ್ಮ" ಎಂದು ಶೂ ಬಿಚ್ಚಿದಳು. ಬಿಚ್ಚಿ, ರಸ್ತೆಯ ಕಡೆ ತಿರುಗಿಸಿ ಇಟ್ಟಳು.

ಕಾಗದ ಬಂದ ಮುಂದಿನ ಭಾನುವಾರ ನಾನು ಕೆರೆಗೆ ಹೋದೆ. ಯಾರಿಗೂ ಹೇಳಲಿಲ್ಲ. ಯಾವುದಾದರೂ ಒಂದು ಮರದ ಫೋಟೋ ತೆಗೆಯಬೇಕೆಂದಿತ್ತು. ಅದು ಸುಳ್ಳು ಎಂದು ಗೊತ್ತಿತ್ತು. ಆ ತಾಯಿಗೆ ಕೊಡಲು ನನ್ನ ಬಳಿ ಬೇರೇನಿದೆ? ಏರಿಯ ಮೇಲೆ ನೂರು ಹೆಜ್ಜೆ ನಡೆದಿರಬಹುದು, ಹಿಂದಿನ ಬೀದಿಯ ದಂಪತಿ ಎದುರಾದರು.

"ಒಬ್ರೇ ಬಂದ್ಬುಟ್ರಾ?" ಎಂದರು ಆಕೆ. "ಬನ್ನಿ ಬನ್ನಿ, ಒಂದು ರೌಂಡು ನಾವೂ ಬರ್ತೀವಿ. ಒಬ್ರೇ ಅಂದ್ರೆ ಬೇಜಾರು ಕಣ್ರೀ."

ಬೇಡ ಎನ್ನಲು ನನಗೂ ಆಗಲಿಲ್ಲ. ಅವರ ಮಗಳ ನಿಶ್ಚಿತಾರ್ಥದ ವಿಷಯ ಕೇಳುತ್ತಾ ಇಡೀ ಕೆರೆ ಸುತ್ತಿದೆ. ಎಷ್ಟೋ ಮರಗಳು ಬಂದವು, ಹೋದವು. ಫೋನು ಚೀಲದಲ್ಲೇ ಉಳಿಯಿತು.

ಅತ್ತೆಗೆ ಈಗ ಎಂಬತ್ತಮೂರು. ಸುದ್ದಿ ಕೇಳಿದಾಗಿನಿಂದ ಊಟ ಕಡಿಮೆ ಮಾಡಿದ್ದಾರೆ. ನಾನು ಕಾಗದ ಹಿಡಿದು ಕೂತಿದ್ದು ಕಂಡು ಪಕ್ಕಕ್ಕೆ ಬಂದು ಕೂತರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಒಂದಿನಾನೂ ಆ ಮಗೂನ ಒಬ್ಳೇ ಬಿಡ್ಲಿಲ್ಲ ಅಂತ ಬರಿಯೇ," ಎಂದರು. "ಆ ತಾಯಿಗೆ ಅಷ್ಟಾದ್ರೂ ಸಮಾಧಾನ ಆಗ್ಲಿ."

"ಬರೀತೀನಿ ಅತ್ತೆ," ಎಂದೆ.

ಹಾಳೆಯ ಮೇಲೆ ಇನ್ನೂ ನಮಸ್ಕಾರವೊಂದೇ ಇದೆ. ಇವತ್ತು ಮತ್ತೆ ಭಾನುವಾರ. ನಾದಿನಿಯ ಮನೆಯವರು ಊಟಕ್ಕೆ ಬಂದಿದ್ದಾರೆ. ಬಾಗಿಲಲ್ಲಿ ಚಪ್ಪಲಿಗಳು ಬಿಟ್ಟ ಹಾಗೇ ಬಿದ್ದಿದ್ದವು, ಚಿತ್ರದಲ್ಲಿದ್ದಂತೆಯೇ. ತಿರುಗಿಸಿ ಇಡುವವಳು ಇಲ್ಲ. ನಾನೇ ಹೊಸ್ತಿಲ ಮೇಲೆ ಕೂತು ಒಂದೊಂದೇ ಜೊತೆ ತಿರುಗಿಸಿದೆ. ಮೂರನೆಯದಕ್ಕೆ ಕೈ ಹಾಕಿದ್ದೆ... ಒಬ್ಳೇ ಅಲ್ಲೇನು ಮಾಡ್ತಿದ್ದೀಯ, ಬಾ ಒಳಗೆ ಎಂದು ಅತ್ತೆ ಕರೆದರು.

ಎದ್ದು ಹೋದೆ.