ಗೇಟಿನ ಗಂಗಾಧರಪ್ಪ

ಗಂಗಾಧರಪ್ಪ ಸರ್ ಎರಡು ಕೈಗೂ ಗಡಿಯಾರ ಕಟ್ಟುತ್ತಿದ್ದರು. ಎಡಗೈಗೆ ಕೀಲಿ ಕೊಡುವ ಹಳೆಯದು, ಬಲಗೈಗೆ ಸೆಲ್ಲಿನದು. ಕುಡುಮಲಕುಂಟೆಯಲ್ಲಿ ನಾನು ಪ್ಯಾಕಿಂಗ್ ಕೆಲಸಕ್ಕಿದ್ದ ಕಾರ್ಖಾನೆಯ ಗೇಟಿಗೆ ಅವರೇ ಹೆಡ್ ಸೆಕ್ಯುರಿಟಿ. ಶಿಫ್ಟು ಮುಗಿದ ಸೈರನ್ ಕೂಗಿದರೂ ಮೊದಲು ಎಡಗೈ ನೋಡಿ, ಆಮೇಲೆ ಬಲಗೈ ನೋಡಿ, ಆಮೇಲಷ್ಟೇ ಗೇಟು ತೆಗೆಯುತ್ತಿದ್ದರು. ಒಂದು ದಿನ ಸೈರನ್ನು, ಎರಡು ಗಡಿಯಾರ ಮೂರೂ ಬೇರೆ ಬೇರೆ ಹೊತ್ತು ಹೇಳಿದವು. ನಮ್ಮನ್ನೆಲ್ಲ ಬಿಸಿಲಿನಲ್ಲಿ ನಿಲ್ಲಿಸಿ, ರಸ್ತೆಯಾಚೆಯ ಟೀ ಅಂಗಡಿಯವನನ್ನು ಕೂಗಿ ಟೈಮು ಕೇಳಿದರು. ಅವನು ಹೇಳಿದ್ದನ್ನೂ ಅವರು ಪೂರ್ತಿ ನಂಬಿದಂತೆ ಕಾಣಲಿಲ್ಲ.

ಅನುಮಾನ ಅವರ ಕೆಲಸವೂ ಹೌದು, ಸ್ವಭಾವವೂ ಹೌದು. ಹೊರಗೆ ಹೋಗುವಾಗ ಪ್ರತಿಯೊಬ್ಬರ ಊಟದ ಡಬ್ಬಿ ತೆಗೆಸಿ ನೋಡುವರು, ಮ್ಯಾನೇಜರದ್ದನ್ನೂ ಬಿಡುತ್ತಿರಲಿಲ್ಲ. ಯಾರ ಡಬ್ಬಿಯಲ್ಲಾದರೂ ಅರ್ಧ ಮುದ್ದೆ ಉಳಿದಿದ್ದರೆ "ಯಾಕಮ್ಮ, ಉಣ್ಲಿಲ್ವಾ?" ಎನ್ನುವರು. ಆ ಮಾತಿನಲ್ಲಿ ಅಕ್ಕರೆ ಎಷ್ಟು, ಮುದ್ದೆಯೊಳಗೆ ಕಾರ್ಖಾನೆಯ ಸಾಮಾನು ಬಚ್ಚಿಟ್ಟಿರಬಹುದೆಂಬ ಗುಮಾನಿ ಎಷ್ಟು ಎಂದು ಹೇಳುವುದು ಕಷ್ಟವಾಗಿತ್ತು. ಯಾರಾದರೂ ಮುಖ ಗಂಟಿಕ್ಕಿದರೆ, "ನಂಬಿಕೆ ಇಲ್ಲ ಅಂತಲ್ಲ ಕಣಮ್ಮ. ನೋಡಿದ್ರೆ ನಿನಗೂ ಒಳ್ಳೇದು, ನನಗೂ ಒಳ್ಳೇದು" ಎಂದು ಡಬ್ಬಿಯ ಮುಚ್ಚಳವನ್ನು ತಾವೇ ಹಾಕಿ ಕೊಡುವರು.

ನನಗೆ ಕ್ರಿಕೆಟ್ ಕಲಿಸಿದ್ದು ಈ ಮನುಷ್ಯ. ಮಹಿಳಾ ದಿನಾಚರಣೆಗೆಂದು ಕಾರ್ಖಾನೆಯ ಅಂಗಳದಲ್ಲಿ ಹೆಂಗಸರಿಗೆ ಟೆನಿಸ್ ಬಾಲಿನ ಪಂದ್ಯ ಇಟ್ಟಿದ್ದರು. ನಮ್ಮೂರು ತೊಂಡೇಬಾವಿಯಲ್ಲಿ ಅಣ್ಣಂದಿರ ಜೊತೆ ಆಡಿ ಅಭ್ಯಾಸವಿದ್ದ ನಾನು ಬೌಲ್ ಮಾಡಿದೆ. ಚೆಂಡು ನೆಲಕ್ಕೆ ಬಿದ್ದು ಪಕ್ಕಕ್ಕೆ ತಿರುಗುತ್ತಿತ್ತು. ಆಫೀಸಿನವರು ಮೂವರು ಸಾಲಾಗಿ ಔಟಾದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಗಂಗಾಧರಪ್ಪ ಗೇಟು ಬಿಟ್ಟು ನಡೆದು ಬಂದು, "ನೀನು ಬೌಲ್ ಮಾಡ್ತಿಲ್ಲಮ್ಮ, ಮೊಣಕೈ ಮಡಿಸಿ ಎಸೀತಿದೀಯ" ಎಂದರು. ನನಗೆ ಅಳುವೇ ಬಂತು. ಮಾರನೆಯ ದಿನ ಸ್ಟೋರಿನಿಂದ ಒಂದು ಸ್ಟೀಲ್ ಸ್ಕೇಲ್ ತಂದು, ನನ್ನ ಮೊಣಕೈ ಮಡಿಸಲಾಗದಂತೆ ಕರವಸ್ತ್ರದಿಂದ ಕಟ್ಟಿ, "ಈಗ ಹಾಕು" ಎಂದರು. ಹಾಕಿದೆ. ಚೆಂಡು ಹಾಗೆಯೇ ತಿರುಗಿತು. ಹನ್ನೆರಡು ಸಲ ಹಾಕಿಸಿದರು. ಕೊನೆಗೆ ಸ್ಕೇಲ್ ಬಿಚ್ಚಿ, "ನಾಳೆ ಬೆಳಿಗ್ಗೆ ಆರಕ್ಕೆ ಕಾಲೇಜ್ ಗ್ರೌಂಡಿಗೆ ಬಾ. ಲೆದರ್ ಬಾಲಲ್ಲಿ ನೋಡಣ" ಎಂದರು.

ಮೂರು ವರ್ಷ ಗೌರಿಬಿದನೂರಿನ ಆ ಮೈದಾನದಲ್ಲಿ, ಶಿಫ್ಟಿಗೆ ಮುಂಚೆ, ನನಗೂ ಇನ್ನು ಆರೇಳು ಹುಡುಗಿಯರಿಗೂ ಅವರು ಆಟ ಹೇಳಿಕೊಟ್ಟರು. ಹರೆಯದಲ್ಲಿ ಅವರು ಎಡಗೈ ಸ್ಪಿನ್ನರ್ ಆಗಿದ್ದರಂತೆ. ಯಾಕೆ ಬಿಟ್ಟರು ಎಂದು ಕೇಳಿದರೆ ಗಡಿಯಾರ ನೋಡಿ, "ಶಿಫ್ಟಿಗೆ ಹೊತ್ತಾಯ್ತು" ಎನ್ನುತ್ತಿದ್ದರು.

ನಾಲ್ಕನೆಯ ವರ್ಷ, ಹೆಂಗಸರ ಫ್ರಾಂಚೈಸಿ ಲೀಗ್ ಶುರುವಾಗಲು ಇನ್ನೇನು ಹತ್ತು ದಿನವಿದೆ ಎನ್ನುವಾಗ ನನಗೆ ಬೆಂಗಳೂರಿನಿಂದ ಫೋನ್ ಬಂತು. ಒಂದು ತಂಡಕ್ಕೆ ಸೀಸನ್ ಪೂರ್ತಿ ನೆಟ್ ಬೌಲರ್ ಬೇಕಿದೆ, ಜಿಲ್ಲಾ ಟ್ರಯಲ್ಸ್‌ನಲ್ಲಿ ನಿಮ್ಮನ್ನು ನೋಡಿದ್ದೆವು, ಬರುತ್ತೀರಾ ಎಂದರು. ನೆಟ್ ಬೌಲರ್ ಎಂದರೆ ಪಂದ್ಯ ಆಡುವವಳಲ್ಲ. ಆಡುವವರ ಅಭ್ಯಾಸಕ್ಕೆ ದಿನವಿಡೀ ಚೆಂಡು ಹಾಕುವವಳು. ನನಗೆ ಅಷ್ಟೇ ಸ್ವರ್ಗ. ಓಡಿ ಗೇಟಿಗೆ ಬಂದು ಹೇಳಿದೆ.

"ಒಟಿಪಿ ಕೇಳಿದ್ರಾ?" ಎಂದರು ಗಂಗಾಧರಪ್ಪ ಸರ್.

"ಇಲ್ಲ ಸರ್."

"ಆಧಾರ್ ನಂಬರು?"

"ಇಲ್ಲ."

"ಹಂಗಾದ್ರೆ ಇನ್ನೂ ದೊಡ್ಡ ಮೋಸ ಇರ್ಬೇಕು. ನಾನೂ ಬರ್ತೀನಿ."

ರಜೆ ಹಾಕಿ, ಬೆಳಗಿನ ರೈಲಿಗೆ ನನ್ನ ಜೊತೆ ಹೊರಟೇಬಿಟ್ಟರು. ಮೈದಾನದಲ್ಲಿ ತಂಡದ ಮ್ಯಾನೇಜರ್ ಬಂದು ಕೈ ಕುಲುಕಲು ನೋಡಿದರೆ ಇವರು ಕೈ ಚಾಚಿ, "ಐಡಿ ಕಾರ್ಡ್ ತೋರಿಸಿ ಸರ್" ಎಂದರು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆತ ನಕ್ಕು ಕೊರಳಿನ ಕಾರ್ಡು ತೆಗೆದು ಕೊಟ್ಟರು. ಇವರು ಎರಡೂ ಬದಿ ಓದಿ, ಫೋಟೋವನ್ನೂ ಮುಖವನ್ನೂ ಹೋಲಿಸಿ, ಮರಳಿಸಿದರು. ನನಗೆ ಮೆಲ್ಲಗೆ, "ಮನುಷ್ಯ ಪರವಾಗಿಲ್ಲ. ಆದ್ರೂ ಹುಷಾರು" ಎಂದು ಹೇಳಿ ಸಂಜೆಯ ರೈಲು ಹಿಡಿದರು.

ಅಂದೇ ಮಧ್ಯಾಹ್ನ ತಂಡದವರನ್ನೆಲ್ಲ ಕೂರಿಸಿ ಲೀಗಿನ ಒಬ್ಬ ಅಧಿಕಾರಿ ಮಾತಾಡಿದ್ದರು. ಒಳಗಿನ ಸುದ್ದಿ ಹೊರಗೆ ಹೇಳಬೇಡಿ, ಬೆಟ್ಟಿಂಗ್‌ನವರು ಸ್ನೇಹ ಮಾಡಿಕೊಂಡು ಬರುತ್ತಾರೆ, ಯಾರೇನು ಕೊಟ್ಟರೂ ನಮಗೆ ತಿಳಿಸಿ ಎಂದಿದ್ದರು. ನಾನು ಅರ್ಧ ಕೇಳಿದ್ದೆ. ಅದೆಲ್ಲ ದೊಡ್ಡ ಆಟಗಾರ್ತಿಯರಿಗೆ ಎಂದುಕೊಂಡಿದ್ದೆ.

ಗಂಗಾಧರಪ್ಪ ಸರ್ ಊರಿನಲ್ಲಿ ಕೂತು ಒಂದು ಪಂದ್ಯವನ್ನೂ ಬಿಡದೆ ಟಿವಿಯಲ್ಲಿ ನೋಡುತ್ತಿದ್ದರು. ಬೆಳಿಗ್ಗೆ ಆರಕ್ಕೆ ಅವರ ಫೋನು. "ನಿನ್ನೆ ಆ ಹುಡುಗಿ ಕ್ಯಾಚ್ ಬಿಟ್ಟಳಲ್ಲ, ಅದು ಬಿಡೋ ಕ್ಯಾಚಾ? ಹದಿನೇಳನೇ ಓವರಲ್ಲಿ ವೈಡ್ ಮೇಲೆ ವೈಡು. ಇದೆಲ್ಲ ಹಿಂದಿನ ದಿನವೇ ಬರೆದಿಟ್ಟಿರ್ತಾರೆ ಕಣಮ್ಮ." ಒಂದು ದಿನ ನನಗೆ ತಡೆಯಲಾಗಲಿಲ್ಲ. ಆ ಕ್ಯಾಚ್ ಬಿಟ್ಟವಳು ಬೆರಳು ಊದಿಸಿಕೊಂಡು ಐಸ್ ಬಕೆಟ್ಟಿನಲ್ಲಿ ಕೈಯಿಟ್ಟು ಅಳುವುದನ್ನು ನಾನು ಕಣ್ಣಾರೆ ಕಂಡಿದ್ದೆ. "ಎಲ್ಲರೂ ಕಳ್ಳರೇ ಅಲ್ಲ ಸರ್" ಎಂದು ಫೋನಿಟ್ಟೆ. ಮಾರನೆಯ ದಿನವೂ ಆರಕ್ಕೆ ಸರಿಯಾಗಿ ಫೋನ್ ಮಾಡಿದರು, ಏನೂ ಆಗದವರಂತೆ.

ಆ ನಡುವೆಯೇ ಪ್ರವೀಣ ಎನ್ನುವವನ ಮೆಸೇಜು ಬಂದದ್ದು. ಚಿಂತಾಮಣಿಯವನು, ನಮ್ಮ ಜಿಲ್ಲೆಯ ಆಟಗಾರರ ಬಗ್ಗೆ ವಿಡಿಯೋ ಮಾಡುತ್ತೇನೆ ಎಂದ. ಮಾತಾಡಿದರೆ ನಮ್ಮ ಕಡೆಯದೇ ರಾಗ, ನಡುನಡುವೆ ತೆಲುಗು. "ಮನವಾಳ್ಳೇ ಕದಾ ಅಕ್ಕಾ, ನಮ್ಮೋರು ನಮ್ಮೋರನ್ನ ಮೇಲೆ ತರ್ದಿದ್ರೆ ಇನ್ಯಾರು ತರ್ತಾರೆ?" ಎನ್ನುವನು. ನಾನು ಹಾಕಿದ ಚೆಂಡುಗಳ ಬಗ್ಗೆ ಕೇಳುವನು, ಅಮ್ಮನ ಆರೋಗ್ಯ ಕೇಳುವನು. ಬೆಂಗಳೂರಿನಲ್ಲಿ ಯಾರೂ ಹೆಸರು ಹಿಡಿದು ಕರೆಯದ ದಿನಗಳಲ್ಲಿ ಅದು ಹಿತವಾಗಿತ್ತು. ಒಂದು ದಿನ, "ಕ್ಯಾಪ್ಟನ್ ನೆಟ್ಸ್‌ಗೆ ಬರ್ತಿದಾರಾ ಅಕ್ಕಾ?" ಎಂದು ಕೇಳಿದ. ಎರಡು ದಿನದಿಂದ ಬ್ಯಾಟು ಹಿಡಿದಿಲ್ಲ, ಮಣಿಕಟ್ಟಿಗೆ ಟೇಪು ಸುತ್ತಿದ್ದಾರೆ ಎಂದು ಬರೆದು ಕಳಿಸಿದೆ. ಮರುದಿನ ಕ್ಯಾಪ್ಟನ್ ಆಡಲಿಲ್ಲ. ಅದರ ಮರುದಿನ ನಾನಿದ್ದ ಲಾಡ್ಜಿನ ಬಾಗಿಲಿಗೆ ನನ್ನ ಹೆಸರು ಬರೆದ ಪೆಟ್ಟಿಗೆ ಬಂತು. ಒಳಗೆ ಒಂದು ಜೊತೆ ಸ್ಪೈಕ್ಸ್ ಷೂ. ನನ್ನ ಕಾಲಿನ ಅಳತೆಗೆ ಸರಿಯಾಗಿತ್ತು.

ಖುಷಿಯಿಂದ ಗಂಗಾಧರಪ್ಪ ಸರ್‌ಗೆ ಹೇಳಿದೆ. ಹತ್ತು ಪ್ರಶ್ನೆ ಬರುತ್ತವೆ ಎಂದುಕೊಂಡಿದ್ದೆ. ಒಂದೂ ಬರಲಿಲ್ಲ. "ಹಾಕ್ಕೋಬೇಡ" ಎಂದಷ್ಟೇ ಹೇಳಿ ಫೋನಿಟ್ಟರು. ಮಾರನೆಯ ಬೆಳಿಗ್ಗೆ ಮೊದಲ ರೈಲಿಗೆ ಬಂದು ಲಾಡ್ಜಿನೆದುರಿನ ಕಟ್ಟೆಯ ಮೇಲೆ ಕೂತಿದ್ದರು.

"ಅವನಿಗೆ ಏನೇನು ಹೇಳಿದೀಯ?"

ಫೋನು ಕೊಟ್ಟೆ. ಎಲ್ಲವನ್ನೂ ಓದಿದರು. ಮಣಿಕಟ್ಟಿನ ಟೇಪಿನ ಸಾಲಿಗೆ ಬಂದಾಗ ಅವರ ಹೆಬ್ಬೆರಳು ಅಲ್ಲೇ ನಿಂತಿತು.

"ನಿನ್ನ ಕಾಲಿನ ಅಳತೆ ಅವನಿಗೆ ಹೆಂಗೆ ಗೊತ್ತು?"

ನಾನು ಹೇಳಿರಲಿಲ್ಲ. ಅದು ಆವರೆಗೆ ನನಗೆ ಹೊಳೆದೂ ಇರಲಿಲ್ಲ. ಲಾಡ್ಜಿನಲ್ಲೋ ಮೈದಾನದಲ್ಲೋ ನನ್ನ ಷೂ ಎತ್ತಿ ನೋಡಿದವರು ಯಾರೋ ಇದ್ದರು.

"ಮೊದಲ್ನೇ ದಿನ ಮೀಟಿಂಗ್ ಮಾಡಿದ್ರಲ್ಲ ಒಬ್ಬರು, ಅವರ ಹತ್ರ ಹೋಗಿ ಹೇಳು. ಷೂ ತಗೊಂಡು ಹೋಗು."

"ಹೇಳಿದ್ರೆ ಮನೆಗೆ ಕಳಿಸಿಬಿಡ್ತಾರೆ ಸರ್. ಪೆಟ್ಟಿಗೆ ವಾಪಸ್ ಕಳಿಸಿ ಸುಮ್ಮನಿದ್ರೆ ಆಗಲ್ವಾ? ಯಾರಿಗೂ ಗೊತ್ತಾಗಲ್ಲ."

ಅವರು ಫೋನನ್ನು ನನ್ನ ಕೈಗೆ ಮರಳಿಸಿದರು. ಆಮೇಲೆ ಹೇಳಿದರು.

"ಚಿಂತಾಮಣೀಲಿ ಒಂದು ಫೈನಲ್ ಆಡಿದ್ದೆ. ಕೊನೇ ಓವರ್ ನನ್ನದು. ಎಂಟು ರನ್ ಬೇಕಿತ್ತು ಅವರಿಗೆ. ನಾಲ್ಕನೇ ಬಾಲಿಗೇ ಹೊಡೆದು ಗೆದ್ದರು. ಹಿಂದಿನ ದಿನ ನಾನು ಆ ಟೀಮಿನೋರ ಮನೇಲಿ ಊಟ ಮಾಡಿದ್ದೆ. ನಮ್ಮ ಮನೆಯವಳ ಕಡೆ ನೆಂಟರು ಅವರು. ನಾನೇ ಮುಂಚೆ ಹೇಳಿದ್ದಿದ್ರೆ ಅದು ಊಟ ಆಗಿರ್ತಿತ್ತು. ಆಮೇಲೆ ಗೊತ್ತಾಯ್ತಲ್ಲ, ಲಂಚ ಆಯ್ತು. ಒಬ್ಬರೂ ನನ್ನ ಕರೆದು ಕೇಳಲಿಲ್ಲ ಕಣಮ್ಮ. ಮುಂದಿನ ವಾರ ಟೀಮಿನ ಪಟ್ಟೀಲಿ ನನ್ನ ಹೆಸರಿರಲಿಲ್ಲ, ಅಷ್ಟೆ."

"ನಿಜವಾಗ್ಲೂ ಏನಾಯ್ತು ಸರ್ ಆ ಓವರಲ್ಲಿ?"

"ಬಾಲು ಒದ್ದೆ ಆಗಿತ್ತು. ಹಿಡಿತ ಸಿಗಲಿಲ್ಲ."

ನಾನು ತಲೆಯಾಡಿಸಿದೆ. ಆದರೆ ತಲೆಯಾಡಿಸುವ ಮುಂಚೆ ಒಂದು ಗಳಿಗೆ ಅವರ ಮುಖ ನೋಡಿದ್ದೆ. ಅವರಿಗೆ ಅದು ಕಂಡಿತ್ತು.

"ನೋಡು, ನಿನಗೂ ಅನುಮಾನ ಬಂತು" ಎಂದರು. ಬೇಜಾರು ಮಾಡಿಕೊಂಡು ಹೇಳಿದ್ದಲ್ಲ. "ಇಷ್ಟು ವರ್ಷ ಆದ್ಮೇಲೆ, ನೀನು ನನ್ನ ಕೈಯಲ್ಲಿ ಕಲಿತೋಳು, ನಿನಗೇ ಬಂತು. ಈಗ ಎದ್ದು ಹೋಗಿ ಹೇಳ್ಬಿಟ್ಟು ಬಾ."

ಹೋಗಿ ಹೇಳಿದೆ. ಅಧಿಕಾರಿ ಒಳ್ಳೆಯವರು. ಎಲ್ಲ ಬರೆದುಕೊಂಡರು, ಷೂ ಇಟ್ಟುಕೊಂಡರು, ಫೋನೂ ಇಟ್ಟುಕೊಂಡರು. ಸಂಜೆ ಮ್ಯಾನೇಜರ್ ಬಂದು, ವಿಚಾರಣೆ ಮುಗಿಯುವವರೆಗೆ ನೆಟ್ಸ್‌ಗೆ ಬರುವುದು ಬೇಡ ಎಂದರು. ಕೊರಳಿನ ಕಾರ್ಡು ಬಿಚ್ಚಿ ಕೊಟ್ಟೆ. ರೈಲಿನಲ್ಲಿ ಗಂಗಾಧರಪ್ಪ ಸರ್ ಎದುರಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು. ನಾನು ತೊಂಡೇಬಾವಿಯಲ್ಲಿ ಇಳಿಯುವಾಗ ಬ್ಯಾಗು ಎತ್ತಿ ಕೊಟ್ಟರು.

ಕಾರ್ಖಾನೆಗೆ ಮರಳಿದ ದಿನವೇ ಗುಸುಗುಸು ಶುರುವಾಯಿತು. "ಏನೋ ಮಾಡ್ಕೊಂಡಿರ್ಬೇಕು. ಇಲ್ದಿದ್ರೆ ಸೀಸನ್ ಮಧ್ಯದಲ್ಲಿ ಯಾಕೆ ಕಳಿಸ್ತಾರೆ?" ನಾನು ಬಾಯಿ ಬಿಡಲಿಲ್ಲ. ಆದರೆ ಸಂಜೆ ಗೇಟಿನಲ್ಲಿ ಗಂಗಾಧರಪ್ಪ ಸರ್ ಪ್ರತಿ ಡಬ್ಬಿ ನೋಡುವಾಗಲೂ ಇಡೀ ವಿಷಯವನ್ನು ಬಿಡಿಸಿ ಹೇಳುತ್ತಿದ್ದರು. ಪ್ರವೀಣ, ಮಣಿಕಟ್ಟು, ಷೂ, ನಾನು ಮಾಡಿದ ತಪ್ಪು, ಆಮೇಲೆ ನಾನೇ ಹೋಗಿ ಹೇಳಿದ್ದು. ಕೇಳಿದವರಿಗೂ ಹೇಳಿದರು, ಕೇಳದವರಿಗೂ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

"ಯಾಕೆ ಸರ್ ಊರಿಗೆಲ್ಲ ಸಾರ್ತಿದೀರ?"

"ನಾವು ಹೇಳಿದ್ರೆ ಅದು ನಡೆದಿದ್ದು. ಅವರು ಹೇಳ್ಕೊಂಡ್ರೆ ಕತೆ" ಎಂದು, "ಡಬ್ಬಿ ತೆಗಿ" ಎಂದರು. ನನ್ನದನ್ನೂ ಎಲ್ಲರದರಷ್ಟೇ ಹೊತ್ತು ನೋಡಿದರು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆ ವಾರದಲ್ಲಿ ನನ್ನನ್ನು ಮೊದಲಿನಂತೆಯೇ ಕಂಡದ್ದು ಅವರೊಬ್ಬರೇ.

ಉಳಿದ ಪಂದ್ಯಗಳಲ್ಲಿ ಮಧ್ಯಾಹ್ನದವನ್ನು ಗೇಟಿನ ಕೋಣೆಯಲ್ಲಿ, ಅವರ ಫೋನಿನಲ್ಲಿ, ಊಟದ ಬಿಡುವಿನಲ್ಲಿ ನೋಡಿದೆವು. ಒಂದು ದಿನ ಆ ಬೆರಳು ಊದಿದ್ದ ಹುಡುಗಿ ಮತ್ತೊಂದು ಕ್ಯಾಚ್ ಬಿಟ್ಟಳು. ಅವರು, "ನೋಡ್ದಾ, ಇದು..." ಎಂದು ಶುರು ಮಾಡಿ ನಿಲ್ಲಿಸಿದರು. ಸ್ವಲ್ಪ ಹೊತ್ತಿನ ಮೇಲೆ, "ಬೆರಳು ಇನ್ನೂ ವಾಸಿ ಆಗಿಲ್ವೇನೋ" ಎಂದರು. ಆ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಮುಖದಲ್ಲೇ ಕಾಣುತ್ತಿತ್ತು.

ನಾಲ್ಕು ತಿಂಗಳ ಮೇಲೆ ಲೀಗಿನಿಂದ ಪತ್ರ ಬಂತು. ಅರಿಯದೆ ಆದ ತಪ್ಪು, ತಾನಾಗಿ ತಿಳಿಸಿದ್ದಕ್ಕೆ ಧನ್ಯವಾದ, ಯಾವ ಕ್ರಮವೂ ಇಲ್ಲ ಎಂದಿತ್ತು. ಗಂಗಾಧರಪ್ಪ ಸರ್ ಅದನ್ನು ಬಿಸಿಲಿಗೆ ಹಿಡಿದು ಸೀಲು ನೋಡಿದರು. ಮೇಲಿದ್ದ ನಂಬರಿಗೆ ಫೋನ್ ಮಾಡಿ, ಇಂಥ ಪತ್ರ ನೀವೇ ಕಳಿಸಿದ್ದಾ ಎಂದು ಕೇಳಿದರು. ಹೌದು ಎಂದ ಮೇಲೆ ಮೂರು ಜೆರಾಕ್ಸ್ ಮಾಡಿಸಿ, ಒಂದನ್ನು ನೋಟೀಸ್ ಬೋರ್ಡಿಗೆ ಅಂಟಿಸಿದರು. ಪ್ರವೀಣ ಯಾರೆಂದು ಕೊನೆಗೂ ತಿಳಿಯಲಿಲ್ಲ. ಷೂ ಅಳತೆ ಹೇಳಿದವರು ಯಾರೆಂದೂ ತಿಳಿಯಲಿಲ್ಲ. ಮುಂದಿನ ವರ್ಷ ಲೀಗಿನಿಂದ ಕರೆ ಬರಲಿಲ್ಲ. ಅದಕ್ಕೆ ಅವರ ಬಳಿ ಏಳು ಕಾರಣಗಳಿದ್ದವು, ಏಳರಲ್ಲೂ ಯಾರಾದರೊಬ್ಬರ ಕೈವಾಡ. ಅದರ ಮುಂದಿನ ವರ್ಷ ಬೇರೊಂದು ತಂಡ ಕರೆಯಿತು. ಸೀಸನ್ ಪೂರ್ತಿ ಬೌಲ್ ಮಾಡಿ ಬಂದೆ.

ಆ ಬೇಸಿಗೆಯಲ್ಲೇ ಅವರು ನಿವೃತ್ತರಾಗಿ ಶಿಡ್ಲಘಟ್ಟಕ್ಕೆ, ಮಗಳ ಮನೆಗೆ ಹೊರಟರು. ಗೌರಿಬಿದನೂರು ಬಸ್ ಸ್ಟ್ಯಾಂಡಿನಲ್ಲಿ ಕಿಟ್ ಬ್ಯಾಗನ್ನು ನನ್ನ ಮುಂದಿಟ್ಟು, "ಇನ್ಮೇಲೆ ಹುಡುಗೀರನ್ನ ನೀನೇ ನೋಡ್ಕೋ. ಹದಿನೈದು ಬಾಲಿದೆ. ಎಣಿಸ್ಕೋ" ಎಂದರು.

"ಬೇಡ ಸರ್, ನೀವು ಹೇಳಿದ್ಮೇಲೆ ಮುಗೀತು."

"ಎಣಿಸಮ್ಮ. ನಾಳೆ ಕಮ್ಮಿ ಬಂದ್ರೆ ಇಬ್ಬರಿಗೂ ಕಷ್ಟ."

ಪ್ಲಾಟ್‌ಫಾರಮ್ಮಿನ ಮೇಲೆ ಕೂತು ಎಣಿಸಿದೆ. ಹದಿನಾರು ಬಂತು. ಅವರು ಮತ್ತೆ ಎಣಿಸಿದರು. ಹದಿನಾರೇ. ಹುಬ್ಬು ಗಂಟಿಕ್ಕಿತು. ಪ್ರತಿ ಚೆಂಡನ್ನೂ ತಿರುಗಿಸಿ ನೋಡುವಷ್ಟರಲ್ಲಿ ಚಿಕ್ಕಬಳ್ಳಾಪುರದ ಬಸ್ಸು ಹಾರನ್ ಹೊಡೆಯಿತು. ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಹಾಕಿ, "ಯಾರದು ಅಂತ ವಿಚಾರ್ಸು" ಎಂದರು. ಬಸ್ಸು ಹೊರಟಿತು.

ಆಮೇಲೆ ಅವರನ್ನು ನೋಡಲಾಗಲಿಲ್ಲ. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. "ಆ ಬಾಲು ಕೇಳ್ಕೊಂಡು ಯಾರಾದ್ರೂ ಬಂದ್ರಾ?" ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅದೇ ಪ್ರಶ್ನೆ. ಇಲ್ಲ ಎಂದೆ. "ಹಂಗಾದ್ರೆ ಅದರಲ್ಲೂ ಆಡ್ಸು. ಯಾರಾದ್ರೂ ಕೇಳಿದ್ರೆ ನಾನು ಹೇಳಿದೆ ಅನ್ನು" ಎಂದರು. ಮುಂದಿನ ವಾರ ಫೋನ್ ಬಂದದ್ದು ಅವರ ಮಗಳಿಂದ.

ಆ ದಿನವೂ ಆರಕ್ಕೆ ಹುಡುಗಿಯರು ಮೈದಾನಕ್ಕೆ ಬಂದರು. ನಾನು ಹದಿನಾರನ್ನೂ ಹೊರಗೆ ತೆಗೆದೆ.